ಮಾಹಿಮಿನ ಸೇತುವೆಯೂ ಆರೋಗ್ಯದ ಲೆಕ್ಕವೂ

ಮಾಹಿಮ್-ಬಾಂದ್ರಾಗಳ ನಡುವಣ ಸೇತುವೆಯನ್ನು ನಮ್ಮವರಲ್ಲಿ ಬಹುಮಂದಿ ಬಸ್ಸಿನ ಕಿಟಕಿಯಿಂದಷ್ಟೇ ಕಂಡಿರುವರು. ವಿಹಾರ, ಪವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಹೊತ್ತು ಬರುವ ಮೀಠಿ ನದಿಯು ಕಡಲನ್ನು ಸೇರುವುದು ಇಲ್ಲಿಯೇ. ಹಿಂದೆ ಈ ಅಳಿವೆಯನ್ನು ಜನರು ದೋಣಿಯಲ್ಲಿ ದಾಟುತ್ತಿದ್ದರು. ಮಳೆಗಾಲದಲ್ಲಿ ಅದು ಪ್ರಾಣಾಪಾಯದ ಪಯಣವಾಗಿತ್ತು. ಸರಕಾರವು ಹಣ ಕೊಡಲೊಪ್ಪದಿದ್ದಾಗ ಲೇಡಿ ಅವಾಬಾಯಿ ಜಮ್‌ಶೇಟ್‌ಜಿ ಜೀಜೀಭಾಯಿಯವರು 1,57,000 ರೂಪಾಯಿಗಳನ್ನು ದಾನವಿತ್ತರು. 1845ರಲ್ಲಿ ತೆರೆದ ಆ ಮಾರ್ಗದಲ್ಲಿ ಜನರಿಂದ ಸುಂಕ ವಸೂಲು ಮಾಡಕೂಡದೆಂಬುದು ಅವರ ನಿಬಂಧನೆ.

ಬಾಂದ್ರಾ-ವರಳಿ ಸಮುದ್ರಸೇತುವೆಯು 2009ರಲ್ಲಿ ತೆರೆಯಿತು. ಸುಮಾರು 5.6 ಕಿಲೋಮೀಟರ್ ಉದ್ದದ ಅದರ ಮೇಲೆ ಪಾದಚಾರಿಗೂ ಸೈಕಲಿಗೂ ಪ್ರವೇಶವಿಲ್ಲ. ಕಾಲದ ಖಾತೆಗೆ ಜಮೆಯಾಯಿತು, ನಿಜ. ಆದರೆ ದೇಹದ ಖಾತೆಗೆ?

ವೃತ್ತಿಯಿಂದ ನಾನು ಬ್ಯಾಂಕಿನ ಅಧಿಕಾರಿ, ವೈದ್ಯನಲ್ಲ. ನಲವತ್ತಮೂರನೆಯ ವಯಸ್ಸಿನಲ್ಲಿ ರಕ್ತಪರೀಕ್ಷೆಯು ಸಕ್ಕರೆ ರೋಗವನ್ನು ತೋರಿಸಿದಾಗ, ಕುರ್ಚಿಯಲ್ಲಿ ಕಳೆದ ಇಪ್ಪತ್ತು ವರ್ಷಗಳ ಬಾಕಿ ಒಮ್ಮೆಲೇ ಎದುರು ನಿಂತಿತು. 1953ರಲ್ಲಿ ಜೆರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರ ಅಧ್ಯಯನವನ್ನು ಪ್ರಕಟಿಸಿದರು. ಕುಳಿತೇ ದುಡಿಯುವ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಲ್ಲಿ ಹೃದ್ರೋಗವು ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸಿದೆ. ಅರ್ಧ ಗಂಟೆಯಂತೆ ಐದು ದಿನ ಬಿರುಸಾಗಿ ನಡೆದರೆ ಕನಿಷ್ಠ ಕಂತು ಸಂದಾಯವಾಯಿತು.

ಈಗ ನಾನು ಸಂಜೆ ಮಾಹಿಮಿನಲ್ಲಿಳಿದು ಸೇತುವೆಯನ್ನು ಕಾಲ್ನಡಿಗೆಯಿಂದ ದಾಟಿ ಬಾಂದ್ರಾ ಸೇರುತ್ತೇನೆ. ಮಾತನಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಇದೇ ಸರಿಯಾದ ವೇಗ. ಹೊಸಬರು ಹತ್ತು ನಿಮಿಷದಿಂದ ಆರಂಭಿಸಲಿ. ಸಕ್ಕರೆ ರೋಗಕ್ಕೆ ಔಷಧಿ ಸೇವಿಸುವವರು ಕಿಸೆಯಲ್ಲಿ ಸ್ವಲ್ಪ ಸಕ್ಕರೆಯನ್ನಿಟ್ಟುಕೊಳ್ಳಲಿ. ಎದೆಯಲ್ಲಿ ನೋವು ತೋರಿದರೆ ತಕ್ಷಣ ನಿಂತು, ತಡಮಾಡದೆ ವೈದ್ಯರ ನೆರವು ಪಡೆಯತಕ್ಕದ್ದು.

ಆದರೆ ವ್ಯಕ್ತಿಯ ಸಂಕಲ್ಪವೊಂದೇ ಸಾಲದು. ಮಾಹಿಮಿನ ಸೇತುವೆಯಲ್ಲಿ ಸೈಕಲಿಗೆ ಪ್ರತ್ಯೇಕ ದಾರಿಯಿಲ್ಲ. ಸವಾರನು ಬಸ್ಸು ಲಾರಿಗಳ ನಡುವೆಯೇ ನುಸುಳಬೇಕು. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ 2011ರಲ್ಲಿ ತೆರೆದ ಸೈಕಲ್ ಪಥವು ಬಳಕೆಯಿಲ್ಲದೆ ಹಾಳಾಯಿತು. ದಾರಿಯು ಮನೆಯನ್ನೂ ನಿಲ್ದಾಣವನ್ನೂ ಬೆಸೆಯದಿದ್ದರೆ, ಅದು ವ್ಯವಹಾರವಿಲ್ಲದ ಖಾತೆಯಂತೆ.

ಇನ್ನು ಮುಂದೆ ಕಟ್ಟುವ ಪ್ರತಿಯೊಂದು ಸೇತುವೆಯಲ್ಲಿಯೂ ಪಾದಚಾರಿಗೂ ಸೈಕಲಿಗೂ ಎಡೆಯಿರಲೆಂದು ನಮ್ಮಂಥ ಸಂಘಗಳು ನಗರಪಾಲಿಕೆಗೆ ಮನವಿ ಸಲ್ಲಿಸಬೇಕು. ಅಲ್ಲಿಯವರೆಗೆ, ಇರುವ ಕಾಲುದಾರಿಯನ್ನಾದರೂ ನಾವು ಬಳಸೋಣ.