ಹಸುವಿನ ಹಾಲು, ಗಿನಿಪಿಗ್ ಮತ್ತು ನಮ್ಮ ಮನಸ್ಸಾಕ್ಷಿ



ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಬ್ಬ ಯುವತಿ ತಾಯಿಯ ಜೊತೆ ನನ್ನನ್ನು ಕಾಣಲು ಬಂದಳು. ಪಶುವೈದ್ಯಕೀಯ ಓದಿ ಈಗ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದಾಳೆ. "ಫಾದರ್, ರೋಗಾಣು ಚುಚ್ಚಿದ ಗಿನಿಪಿಗ್‌ಗಳನ್ನು ಕೊನೆಗೆ ನಾನೇ ಕೊಲ್ಲಬೇಕು. ಮೊದಲ ದಿನ ಊಟವೇ ಸೇರಲಿಲ್ಲ. ಇದು ಪಾಪವೇ?" ಎಂದು ಕೇಳಿದಳು. "ಭಾನುವಾರ ಕೋಳಿ ತಿನ್ನುವಾಗ ಇಲ್ಲದ ಯೋಚನೆ ಈಗೇಕೆ?" ಎಂದು ತಾಯಿ ಗದರಿದರು. ಆ ದಿನ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಅವಳ ಒಪ್ಪಿಗೆ ಪಡೆದು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಈ ಪ್ರಶ್ನೆ ನಮ್ಮ ಉತ್ತರ ಬೆಂಗಳೂರಿಗೆ ದೂರದ್ದಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ದನಕರುಗಳಿಗೆ ಲಸಿಕೆ ತಯಾರಿಸುವ ಸಂಸ್ಥೆಯೂ ಅಲ್ಲೇ ಇದೆ. ಯಲಹಂಕದಲ್ಲಿರುವ 'ನಿವೇದಿ' ಎಂಬ ರಾಷ್ಟ್ರೀಯ ಸಂಸ್ಥೆ ದೇಶದ ಜಾನುವಾರು ರೋಗಗಳ ಲೆಕ್ಕ ಇಡುತ್ತದೆ. ಬಸ್ಸಿನಲ್ಲಿ ಹೋಗುವಾಗ ಇವುಗಳ ಗೇಟುಗಳನ್ನು ನಾವೆಲ್ಲ ನೋಡಿರುತ್ತೇವೆ. ಒಳಗೆ ಏನು ನಡೆಯುತ್ತದೆಂದು ಕೇಳಿರುವುದಿಲ್ಲ.

ಒಂದೇ ರೋಗವನ್ನು ತೆಗೆದುಕೊಳ್ಳೋಣ. ಗಬ್ಬದ ಹಸು ಏಳೆಂಟು ತಿಂಗಳಿಗೆ ಕಂದು ಹಾಕಿದರೆ ನಮ್ಮ ಹಿರಿಯರು ದೃಷ್ಟಿ ತಗುಲಿತು ಎನ್ನುತ್ತಿದ್ದರು. ಅನೇಕ ಸಲ ಅದಕ್ಕೆ ಕಾರಣ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ. ಕಾಯಿಸದ ಹಾಲಿನಿಂದಲೂ, ಕಂದು ಹಾಕಿದ ಕರು ಮತ್ತು ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಅದು ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು ಇದರ ಲಕ್ಷಣಗಳು. ನಮ್ಮ ದೊಡ್ಡಪ್ಪ ನಾಲ್ಕು ತಿಂಗಳು ಹೀಗೆ ನರಳಿದರು. ಎಲ್ಲರೂ ಟೈಫಾಯಿಡ್ ಎಂದೇ ಔಷಧ ಕೊಟ್ಟರು. ಕೊನೆಗೆ ಒಬ್ಬ ಎಳೆಯ ವೈದ್ಯರು "ಮನೆಯಲ್ಲಿ ಹಸು ಇದೆಯೇ?" ಎಂದು ಕೇಳಿದ ಮೇಲೆಯೇ ರೋಗ ಗೊತ್ತಾದದ್ದು.

ಈ ರೋಗದ ಗುಟ್ಟು ಬಯಲಾದದ್ದು ಮಾಲ್ಟಾ ದ್ವೀಪದಲ್ಲಿ. ಹಡಗು ಒಡೆದು ಸಂತ ಪೌಲರು ದಡ ಸೇರಿದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವಲ್ಲ, ಅದೇ ಮಾಲ್ಟಾ. ಅಲ್ಲಿನ ಬ್ರಿಟಿಷ್ ಸೈನಿಕರು ಈ ಜ್ವರದಿಂದ ಸಾಯುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಸತ್ತವರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿ, ಕೋತಿಗಳಿಗೆ ಚುಚ್ಚಿ, ರೋಗ ತರುವುದು ಅದೇ ಎಂದು ತೋರಿಸಿದರು. ಆದರೆ ಅದು ಬರುವುದೆಲ್ಲಿಂದ? ಸುಮಾರು ಹದಿನೆಂಟು ವರ್ಷ ಯಾರಿಗೂ ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದವರೇ ಆದ ಡಾ. ಥೆಮಿಸ್ಟೊಕ್ಲಿಸ್ ಜಾಮಿಟ್ ಪ್ರಯೋಗಕ್ಕೆಂದು ಮೇಕೆಗಳನ್ನು ತರಿಸಿದರು. ರೋಗಾಣು ಕೊಡುವ ಮುನ್ನ ರಕ್ತ ಪರೀಕ್ಷಿಸಿದರೆ, ಹೆಚ್ಚಿನವುಗಳಲ್ಲಿ ಅದರ ಸುಳಿವು ಆಗಲೇ ಇತ್ತು! ನೋಡಲು ಆರೋಗ್ಯವಾಗಿದ್ದ ಮೇಕೆಗಳ ಹಾಲಿನಲ್ಲೂ ರೋಗಾಣು ಸಿಕ್ಕಿತು. ಅಲ್ಲಿ ಮೇಕೆಗಳನ್ನು ಮನೆ ಬಾಗಿಲಿಗೇ ತಂದು ಹಾಲು ಕರೆದು ಕೊಡುತ್ತಿದ್ದರು, ನಮ್ಮಲ್ಲಿ ಹಿಂದೆ ಹಸು ತರುತ್ತಿದ್ದ ಹಾಗೆ. 1906ರಲ್ಲಿ ಸೈನಿಕರಿಗೆ ಆ ಹಾಲನ್ನು ನಿಲ್ಲಿಸಿದೊಡನೆ ಜ್ವರ ಬಹುಮಟ್ಟಿಗೆ ನಿಂತುಹೋಯಿತು.

ಆ ಕೋತಿಗಳು ಸತ್ತದ್ದು ಸರಿಯೇ? ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ವಾದವನ್ನು ಕಲಿತೆವು. ಪ್ರಾಣಿಗಳು ಮನುಷ್ಯನ ಉಪಯೋಗಕ್ಕಿವೆ, ಆದರೂ ಅವುಗಳಿಗೆ ಕ್ರೂರಿಯಾದವನು ಮುಂದೆ ಮನುಷ್ಯರಿಗೂ ಕ್ರೂರಿಯಾಗುತ್ತಾನೆ ಎಂಬುದು ಅವರ ಮಾತಿನ ಸಾರ. ನನಗೆ ಇದಿಷ್ಟೇ ಸಾಲದು ಎನಿಸುತ್ತದೆ. ನಿನೆವೆಯನ್ನು ಉಳಿಸುವಾಗ ದೇವರು ಯೋನನಿಗೆ ಅಲ್ಲಿನ ಜನರ ಜೊತೆ ದನಕರುಗಳ ಲೆಕ್ಕವನ್ನೂ ಹೇಳುತ್ತಾರೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆಯ ಋಣಿಗಳು. ಮನುಷ್ಯರ ಜೀವ ಉಳಿಸಲು ನೆರವಾಗುವುದಾದರೆ, ಮಿತಿಯೊಳಗೆ, ಅವುಗಳ ಮೇಲಿನ ಪ್ರಯೋಗ ಒಪ್ಪತಕ್ಕದ್ದು. ಅನಗತ್ಯವಾಗಿ ನರಳಿಸುವುದು ಮನುಷ್ಯನ ಘನತೆಗೇ ವಿರುದ್ಧ. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ ಇದನ್ನೇ ಮತ್ತೆ ನೆನಪಿಸಿದರು.

ಹಾಗಾದರೆ ಆ ಯುವತಿಯ ಪ್ರಶ್ನೆ 'ಅನಗತ್ಯ' ಎಂಬ ಒಂದು ಪದದ ಮೇಲೆ ನಿಲ್ಲುತ್ತದೆ. ಹಿಂದೆ ಬ್ರುಸೆಲ್ಲಾ ಇದೆಯೇ ಎಂದು ತಿಳಿಯಲು ಸಂಶಯದ ಹಾಲನ್ನು ಗಿನಿಪಿಗ್‌ಗೆ ಚುಚ್ಚಿ, ಕೆಲವು ವಾರ ಕಾದು, ಕೊಂದು, ಗುಲ್ಮವನ್ನು ನೋಡುತ್ತಿದ್ದರು. ಈಗ ರೋಸ್ ಬೆಂಗಾಲ್ ಎಂಬ ಪರೀಕ್ಷೆ ಇದೆ. ಹಸುವಿನ ರಕ್ತದ ತಿಳಿಯ ಒಂದು ಹನಿ, ಗುಲಾಬಿ ಬಣ್ಣದ ದ್ರವದ ಒಂದು ಹನಿ. ಹಸುವಿಗೆ ಸೋಂಕು ತಗುಲಿದ್ದರೆ ನಾಲ್ಕು ನಿಮಿಷದಲ್ಲಿ ಅದು ಹರಳುಗಟ್ಟಿದಂತೆ ಕಾಣುತ್ತದೆ. ಇಷ್ಟು ಸಾಕಾಗುವ ಕಡೆ ಪ್ರಾಣಿಯನ್ನು ಕೊಂದರೆ ಅದು ತಪ್ಪು. ಬರೀ ಪ್ರಬಂಧ ಬರೆಯಲೆಂದು ಹಳೆಯ ಪ್ರಯೋಗವನ್ನೇ ಮತ್ತೆ ಮಾಡುವುದೂ ತಪ್ಪು. ಆದರೆ ಹೊಸ ಲಸಿಕೆಯೊಂದು ಜೀವಂತ ದೇಹವನ್ನು ನಿಜವಾಗಿ ಕಾಯುತ್ತದೆಯೇ ಎಂಬುದನ್ನು ಗಾಜಿನ ತಟ್ಟೆ ಪೂರ್ತಿ ಹೇಳಲಾರದು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಕೊಟ್ಟ ಸೂತ್ರ ಸರಳ: ಬದಲಿ ಇದ್ದರೆ ಪ್ರಾಣಿ ಬೇಡ, ಬೇಕಾದರೆ ಕಡಿಮೆ ಸಾಕು, ಇರುವುದಕ್ಕೆ ನೋವು ಆದಷ್ಟು ತಗ್ಗಿಸಿ. ನಮ್ಮ ದೇಶದಲ್ಲೂ ಇಂಥ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ಅದರಲ್ಲಿ ವಿಜ್ಞಾನಿಯಲ್ಲದ ಸದಸ್ಯರೊಬ್ಬರು ಇರಬೇಕು. ಅವರು ಪ್ರಶ್ನೆ ಕೇಳದೆ ಬರೀ ಸಹಿ ಹಾಕಿದರೆ ಸಮಿತಿ ಇದ್ದೂ ಇಲ್ಲದಂತೆ.

ಆದ್ದರಿಂದ ಮಗಳೇ, ಅಗತ್ಯವಿದ್ದಾಗ ನೋವಾಗದಂತೆ ನೀನು ಮಾಡುವ ಆ ಕೆಲಸ ಪಾಪವಲ್ಲ. ಊಟ ಸೇರದಿದ್ದುದು ನಿನ್ನ ದೌರ್ಬಲ್ಯವೂ ಅಲ್ಲ, ಅದನ್ನು ಕಳೆದುಕೊಳ್ಳಬೇಡ. "ಇದಕ್ಕೆ ಬೇರೆ ದಾರಿ ಇಲ್ಲವೇ?" ಎಂದು ಹಿರಿಯರನ್ನು ಕೇಳುವ ಧೈರ್ಯವೂ ನಿನಗಿರಲಿ.

ಹಸು ಸಾಕುವ ಕುಟುಂಬಗಳಿಗೆ ಇನ್ನೆರಡು ಮಾತು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಕೊಡುತ್ತಾರೆ. ಆ ವಯಸ್ಸು ದಾಟಲು ಬಿಡಬೇಡಿ. ಹಾಲನ್ನು ಉಕ್ಕುವಂತೆ ಕಾಯಿಸಿರಿ. ಕಂದು ಹಾಕಿದ ಕರುವನ್ನೂ ಮಾಸನ್ನೂ ಕೈಚೀಲ ಹಾಕಿಕೊಂಡೇ ಎತ್ತಿ, ಆಳವಾಗಿ ಹೂಳಿರಿ, ನಾಯಿಗೆ ಎಸೆಯಬೇಡಿ. ಮನೆಯಲ್ಲಿ ಯಾರಿಗಾದರೂ ಜ್ವರ ವಾರಗಟ್ಟಲೆ ಬಿಡದಿದ್ದರೆ, ವೈದ್ಯರು ಕೇಳುವವರೆಗೆ ಕಾಯದೆ, ಕೊಟ್ಟಿಗೆಯಲ್ಲಿ ಹಸುವಿದೆ ಎಂದು ನೀವೇ ಹೇಳಿರಿ.