ಉದ್ಯೋಗದ ಹುಡುಕಾಟ: ಮದ್‌ಯನ್ ಬಾವಿಯ ಪಾಠಗಳು

ಮಾವಳ್ಳಿಯ ನಮ್ಮ ಮಸೀದಿಯಲ್ಲಿ ಒಂದು ದಿನ ಅಸ್ರ್ ನಮಾಝಿನ ಬಳಿಕ ಓರ್ವ ಯುವಕ ಬಂದು ನನ್ನ ಬಳಿ ಕುಳಿತ. ಬಿ.ಕಾಂ. ಮುಗಿಸಿ ಮೂರು ವರ್ಷ ಒಂದು ಕಂಪೆನಿಯ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದವನು. ಕಂಪೆನಿ ಆ ವಿಭಾಗವನ್ನು ಮುಚ್ಚಿತು. ಎಂಟು ತಿಂಗಳಿನಿಂದ ಕೆಲಸವಿಲ್ಲ.

"ಹಝ್ರತ್, ಮುನ್ನೂರಕ್ಕೂ ಮಿಕ್ಕಿ ಅರ್ಜಿ ಹಾಕಿದೆ. ಹೆಚ್ಚಿನವಕ್ಕೆ ಉತ್ತರವೇ ಇಲ್ಲ. ರಾತ್ರಿಯಿಡೀ ಕಂಪ್ಯೂಟರ್ ಮುಂದೆ ಕೂರುತ್ತೇನೆ, ಫಜ್ರ್ ತಪ್ಪುತ್ತಿದೆ. ಅಬ್ಬಾ ಏನೂ ಕೇಳುವುದಿಲ್ಲ. ಆದರೆ ಅವರ ಮುಖ ನೋಡಲು ನನ್ನಿಂದ ಆಗುತ್ತಿಲ್ಲ. ಅಲ್ಲಾಹನು ನನ್ನ ಮೇಲೆ ಕೋಪಗೊಂಡಿದ್ದಾನೆಯೇ?" ಎಂದು ಕೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದನ್ನೂ ಕೇಳಿದ: "ಹಣ ಕೊಟ್ಟರೆ ಆರು ವರ್ಷದ ಅನುಭವ ಪತ್ರ ಮಾಡಿಸಿಕೊಡುವವರಿದ್ದಾರೆ. ಎಲ್ಲರೂ ಮಾಡಿಸುತ್ತಾರಂತೆ. ನಾನೂ ಮಾಡಿಸಲೇ?"

ಪ್ರಿಯ ಓದುಗರೇ, ಈ ಎರಡು ಪ್ರಶ್ನೆಗಳು ಆತನೊಬ್ಬನದಲ್ಲ. ನಿಮ್ಮ ಮನೆಯಲ್ಲೂ ಇಂತಹ ಮಗನೋ ಮಗಳೋ ಇರಬಹುದು. ಆದ್ದರಿಂದ ಇವುಗಳನ್ನು ಕುರ್‌ಆನ್ ಮತ್ತು ಸುನ್ನತ್‌ನ ಬೆಳಕಿನಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಬಾವಿಯ ಸುತ್ತ ಜನಸಂದಣಿ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರಿನ ಕಂಪೆನಿಗಳು ನೌಕರರನ್ನು ಮನೆಗೆ ಕಳುಹಿಸಿ ಅಲ್ಲಿಂದಲೇ ಕೆಲಸ ಮಾಡಿಸಿದವು. ಆ ಬಳಿಕ ಹಲವು ಕಂಪೆನಿಗಳು ನೌಕರರನ್ನು ಮರಳಿ ಕಚೇರಿಗೆ ಕರೆದವು. ಮನೆಯಿಂದ ಮಾಡುವ ಕೆಲಸಗಳು ಕಡಿಮೆಯಾದರೂ ಅದನ್ನು ಬಯಸುವವರು ಕಡಿಮೆಯಾಗಲಿಲ್ಲ. ಜಯನಗರದ ಕಚೇರಿಯ ಕೆಲಸಕ್ಕೆ ಅರ್ಜಿ ಹಾಕುವವರು ಈ ಊರಿನವರು. ಮನೆಯಿಂದ ಮಾಡುವ ಕೆಲಸಕ್ಕಾದರೋ ಹುಬ್ಬಳ್ಳಿಯವನೂ ಪಾಟ್ನಾದವನೂ ಮನಿಲಾದವನೂ ಅರ್ಜಿ ಹಾಕುತ್ತಾರೆ. ಒಂದು ಗುಂಡಿ ಒತ್ತಿದರೆ ಅರ್ಜಿ ಹೋಗುತ್ತದೆ. ಆದ್ದರಿಂದ ಉತ್ತರ ಬಾರದಿರುವುದು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ. ಅನೇಕ ಸಲ ನಿಮ್ಮ ಅರ್ಜಿಯನ್ನು ಮನುಷ್ಯರಾರೂ ಓದಿರುವುದೇ ಇಲ್ಲ.

ಇಂತಹದೇ ಒಂದು ಸಂದಣಿಯ ಚಿತ್ರ ಅಲ್‌ಕಸಸ್ ಅಧ್ಯಾಯದಲ್ಲಿದೆ. ಹಝ್ರತ್ ಮೂಸಾ(ಅ) ಈಜಿಪ್ಟಿನಿಂದ ಪ್ರಾಣಭಯದಿಂದ ಹೊರಟು ಮದ್‌ಯನ್ ತಲುಪಿದರು. ಊರು ಹೊಸತು, ಮನೆಯಿಲ್ಲ, ಕೆಲಸವಿಲ್ಲ. ಬಾವಿಯ ಬಳಿ ಜನರು ತಂತಮ್ಮ ಜಾನುವಾರುಗಳಿಗೆ ನೀರುಣಿಸುತ್ತಿದ್ದರು. ಇಬ್ಬರು ಯುವತಿಯರು ತಮ್ಮ ಕುರಿಗಳನ್ನು ತಡೆದುಕೊಂಡು ದೂರ ನಿಂತಿದ್ದರು. ತಂದೆ ವೃದ್ಧರಾಗಿದ್ದುದರಿಂದ ಅವರೇ ಬರಬೇಕಾಗಿತ್ತು. ಮೂಸಾ(ಅ) ಅವರ ಕುರಿಗಳಿಗೆ ನೀರುಣಿಸಿದರು, ಕೂಲಿ ಕೇಳಲಿಲ್ಲ. ನೆರಳಿಗೆ ಸರಿದು, ತನ್ನ ಪ್ರಭು ಇಳಿಸಿಕೊಡುವ ಯಾವ ಒಳಿತಿಗೂ ತಾನು ಹಸಿದವನೆಂದು ಪ್ರಾರ್ಥಿಸಿದರು. ಬಳಿಕ ಆ ಯುವತಿಯರಲ್ಲೊಬ್ಬಳು ಲಜ್ಜೆಯಿಂದ ನಡೆದು ಬಂದು ತಂದೆಯ ಕರೆಯನ್ನು ತಿಳಿಸಿದಳು. ಕೊನೆಗೆ ಕೆಲಸವೂ ಆಶ್ರಯವೂ ಕುಟುಂಬವೂ ದೊರೆಯಿತು.

ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಲ್ಲಾಹನ ಪ್ರೀತಿಪಾತ್ರ ಪ್ರವಾದಿಯೇ ಒಂದು ಕಾಲದಲ್ಲಿ ಬರಿಗೈಯವರಾಗಿ ನೆರಳಿನಲ್ಲಿ ಕುಳಿತಿದ್ದರು. ಜೀವನಾಧಾರ ಇಕ್ಕಟ್ಟಾಗುವುದು ಅಲ್ಲಾಹನ ಕೋಪದ ಗುರುತೆಂದು ತಿಳಿಯುವುದನ್ನು ಅಲ್‌ಫಜ್ರ್ ಅಧ್ಯಾಯವು ತಿದ್ದಿದೆ. ಸಂಪತ್ತು ಪರೀಕ್ಷೆಯಾಗಿರುವಂತೆ ಇಕ್ಕಟ್ಟೂ ಪರೀಕ್ಷೆಯೇ.

ಬಲ ಮತ್ತು ಪ್ರಾಮಾಣಿಕತೆ

ಮೂಸಾ(ಅ)ರನ್ನು ಕೆಲಸಕ್ಕಿರಿಸಿಕೊಳ್ಳಲು ಆ ಯುವತಿ ತಂದೆಗೆ ಶಿಫಾರಸು ಮಾಡುತ್ತಾ ಎರಡು ಗುಣಗಳನ್ನು ಹೆಸರಿಸಿದಳು: ಬಲ ಮತ್ತು ವಿಶ್ವಾಸಾರ್ಹತೆ. ಬಲವೆಂದರೆ ಆ ಕೆಲಸವನ್ನು ಮಾಡುವ ಸಾಮರ್ಥ್ಯ. ಲೆಕ್ಕಿಗನಿಗೆ ಲೆಕ್ಕದ ಜ್ಞಾನವೇ ಬಲ. ಹಝ್ರತ್ ಯೂಸುಫ್(ಅ)ರು ಈಜಿಪ್ಟಿನ ದೊರೆಯ ಮುಂದೆ ಭಂಡಾರಗಳ ಹೊಣೆಯನ್ನು ಕೇಳುವಾಗ, ತಾನು ಕಾಪಾಡಬಲ್ಲವನು ಮತ್ತು ತಿಳಿದವನು ಎಂದರು. ಅರ್ಹತೆಯನ್ನು ಹೇಳಿಕೊಳ್ಳುವುದು ಅಹಂಕಾರವಲ್ಲ. ಆದರೆ ಅವರು ಹೇಳಿದ್ದು ನಿಜವಾಗಿತ್ತು.

ಸುಳ್ಳು ಅನುಭವ ಪತ್ರದ ವಿಷಯ ಇಲ್ಲಿ ಸ್ಪಷ್ಟವಾಗುತ್ತದೆ. ವಂಚಿಸುವವನು ನಮ್ಮವನಲ್ಲ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದು ಧಾನ್ಯದ ರಾಶಿಯ ಒದ್ದೆ ಭಾಗವನ್ನು ಕೆಳಗೆ ಅಡಗಿಸಿದ್ದ ವ್ಯಾಪಾರಿಯ ಮುಂದೆ. ಮೂರು ವರ್ಷವನ್ನು ಆರೆಂದು ಬರೆಯುವುದೂ ಅದೇ ರಾಶಿ. ಎಲ್ಲರೂ ಮಾಡುತ್ತಾರೆ ಎಂಬುದು ನಾಳೆ ಅಲ್ಲಾಹನ ಮುಂದೆ ಉತ್ತರವಾಗದು. ಅದರ ಮೇಲೆ, ಸುಳ್ಳಿನಿಂದ ದೊರೆತ ಸ್ಥಾನವು ನಿಜವಾಗಿ ಆರು ವರ್ಷ ದುಡಿದ ಇನ್ನೊಬ್ಬ ಬಡವನ ಮಗನದ್ದಾಗಿರಬಹುದು.

ಒಪ್ಪಂದವನ್ನೂ ಗಮನಿಸಿರಿ. ಎಂಟು ವರ್ಷದ ದುಡಿಮೆ, ಹತ್ತು ಪೂರ್ತಿಗೊಳಿಸುವುದು ಮೂಸಾ(ಅ)ರ ಇಚ್ಛೆಗೆ ಬಿಟ್ಟದ್ದು ಎಂದು ಮೊದಲೇ ಮಾತಾಯಿತು. ಕೆಲಸವೇನು, ಅವಧಿಯೆಷ್ಟು, ಪ್ರತಿಫಲವೇನು ಎಂಬುದನ್ನು ಮೊದಲೇ ಕೇಳಿ ತಿಳಿಯುವುದು ಪ್ರವಾದಿಗಳ ಮಾದರಿ. ಹಾಗೆ ಕೇಳದವರೇ ಇಂದು ಮೋಸಹೋಗುತ್ತಿದ್ದಾರೆ. ಕೆಲಸ ಕೊಡಲು ಮುಂಗಡ ಹಣ ಕೇಳುವವರು, ವೀಡಿಯೋಗಳಿಗೆ ಲೈಕ್ ಒತ್ತಿದರೆ ದುಡ್ಡೆಂದು ಟೆಲಿಗ್ರಾಂನಲ್ಲಿ ಕರೆದು, ಮೊದಲು ಕೆಲವು ನೂರು ರೂಪಾಯಿ ಕೊಟ್ಟು ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವವರು ಇದ್ದಾರೆ. ಒಳ್ಳೆಯ ಸಂಬಳವೆಂದು ನಂಬಿ ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಗೆ ಹೋದ ಭಾರತೀಯ ಯುವಕರು ಅಲ್ಲಿ ಇತರರನ್ನು ವಂಚಿಸುವ ಕೆಲಸಕ್ಕೆ ಬಲವಂತವಾಗಿ ದೂಡಲ್ಪಟ್ಟದ್ದೂ ಉಂಟು. ಮೋಸಹೋದರೆ ನಾಚಿಕೆಪಟ್ಟು ಅಡಗಿಸದೆ ಕೂಡಲೇ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಿರಿ.

ಮುಂಜಾನೆಯನ್ನು ಮರಳಿ ಪಡೆಯಿರಿ

ಹಕ್ಕಿಗಳು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಟು ಸಂಜೆ ತುಂಬಿದ ಹೊಟ್ಟೆಯಲ್ಲಿ ಮರಳುವುದನ್ನು ಪ್ರವಾದಿ(ಸ)ರು ತವಕ್ಕುಲ್‌ಗೆ ಉದಾಹರಣೆಯಾಗಿ ನೀಡಿದರು (ತಿರ್ಮಿದಿ). ಹಕ್ಕಿ ಗೂಡಿನಲ್ಲೇ ಕುಳಿತು ಕಾಯುವುದಿಲ್ಲ ಎಂಬುದನ್ನು ಮರೆಯಬಾರದು. ಅದು ಹೊರಡುವುದು ಮುಂಜಾನೆ ಎಂಬುದನ್ನೂ ಮರೆಯಬಾರದು. ತನ್ನ ಸಮುದಾಯದ ಮುಂಜಾನೆಗಳಲ್ಲಿ ಸಮೃದ್ಧಿ ನೀಡೆಂದು ಪ್ರವಾದಿ(ಸ)ರು ಪ್ರಾರ್ಥಿಸಿದ್ದಾರೆ. ಆ ಹದೀಸನ್ನು ವರದಿ ಮಾಡಿದ ಸಖ್ರ್(ರ) ವ್ಯಾಪಾರಿಯಾಗಿದ್ದು, ತಮ್ಮ ಸರಕನ್ನು ಬೆಳಗ್ಗೆಯೇ ಕಳುಹಿಸಿ ಧನಿಕರಾದರು (ಅಬೂದಾವೂದ್).

ಆದ್ದರಿಂದ ನಿರುದ್ಯೋಗಿಯ ದಿನಕ್ಕೂ ಒಂದು ಕ್ರಮವಿರಲಿ. ಐದು ನಮಾಝ್‌ಗಳು ಆ ದಿನವನ್ನು ಆಗಲೇ ಐದಾಗಿ ಹಂಚಿಕೊಟ್ಟಿವೆ. ಫಜ್ರ್ ಬಳಿಕ ಲಾಲ್‌ಬಾಗ್‌ನಲ್ಲಿ ಸ್ವಲ್ಪ ನಡೆದು ಬನ್ನಿ. ಝುಹ್ರ್ ತನಕ ಅರ್ಜಿಗಳು, ಅವೂ ಮೂವತ್ತಲ್ಲ, ನಾಲ್ಕೈದು. ಪ್ರತಿಯೊಂದರಲ್ಲೂ ಆ ಕೆಲಸಕ್ಕೆ ಬೇಕಾದುದನ್ನು ಓದಿ, ನಿಮ್ಮಲ್ಲಿರುವುದನ್ನು ಅದಕ್ಕೆ ಹೊಂದಿಸಿ ಬರೆಯಿರಿ. ಝುಹ್ರ್‌ನಿಂದ ಅಸ್ರ್ ತನಕ ಹೊಸತೊಂದನ್ನು ಕಲಿಯಿರಿ. ಅಸ್ರ್ ಬಳಿಕ ಜನರನ್ನು ಭೇಟಿಯಾಗಿರಿ. ಮೂಸಾ(ಅ)ರಿಗೆ ಕೆಲಸ ದೊರೆತದ್ದು ಅವರ ದುಡಿಮೆಯನ್ನು ಕಣ್ಣಾರೆ ಕಂಡವರ ಬಾಯಿಂದ ಎಂಬುದು ನೆನಪಿರಲಿ. ಇಶಾ ಬಳಿಕ ಕಂಪ್ಯೂಟರ್ ಮುಚ್ಚಿರಿ.

ಯಾರೂ ನೋಡದಿರುವಾಗ

ಕೆಲಸ ದೊರೆತ ಬಳಿಕದ ಪರೀಕ್ಷೆ ಇನ್ನೊಂದು. ಮನೆಯಿಂದ ದುಡಿಯುವವನನ್ನು ನೋಡುವ ಮೇಲಧಿಕಾರಿ ಪಕ್ಕದಲ್ಲಿಲ್ಲ. ನಿದ್ದೆ ಮಾಡುತ್ತಾ ಕಂಪ್ಯೂಟರ್ ಚಲಿಸುತ್ತಿರುವಂತೆ ತೋರಿಸುವ ಉಪಾಯಗಳಿವೆ. ಒಪ್ಪಂದದಲ್ಲಿ ನಿಷೇಧವಿದ್ದರೂ ಗುಟ್ಟಾಗಿ ಎರಡು ಕಂಪೆನಿಗಳಿಂದ ಸಂಬಳ ಪಡೆಯುವವರಿದ್ದಾರೆ. ಕೊಳ್ಳುವಾಗ ಪೂರ್ತಿ ಅಳೆದುಕೊಂಡು ಕೊಡುವಾಗ ಕಡಿಮೆ ಅಳೆಯುವವರ ನಾಶದ ಬಗ್ಗೆ ಅಲ್‌ಮುತಫ್ಫಿಫೀನ್ ಅಧ್ಯಾಯ ಹೇಳುತ್ತದೆ. ಎಂಟು ಗಂಟೆಯ ಸಂಬಳ ಪಡೆದು ನಾಲ್ಕು ಗಂಟೆ ಕೊಡುವುದು ಆ ತಕ್ಕಡಿಯೇ ಅಲ್ಲವೇ? ನೀವು ಅಲ್ಲಾಹನನ್ನು ಕಾಣದಿದ್ದರೂ ಅವನು ನಿಮ್ಮನ್ನು ಕಾಣುತ್ತಾನೆ ಎಂಬ ಇಹ್ಸಾನ್‌ನ ಅರಿವು ಮನೆಯಿಂದ ದುಡಿಯುವವನಿಗೆ ಬೇಕಾದಷ್ಟು ಇನ್ನಾರಿಗೂ ಬೇಡ.

ಮನೆಯವರಿಗೂ ಒಂದು ಮಾತು. ಸಹಾಯ ಕೇಳಿ ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದ ಹೊದಿಕೆ ಮತ್ತು ಪಾತ್ರೆಯನ್ನು ತರಿಸಿ, ಎರಡು ದಿರ್ಹಮ್‌ಗೆ ಮಾರಿಸಿ, ಕೊಡಲಿ ಕೊಳ್ಳಿಸಿ, ಪ್ರವಾದಿ(ಸ)ರು ಸ್ವತಃ ತಮ್ಮ ಕೈಯಿಂದ ಅದಕ್ಕೆ ಹಿಡಿ ಹಾಕಿಕೊಟ್ಟರೆಂದು ಅಬೂದಾವೂದ್ ವರದಿಯಲ್ಲಿದೆ. ನಿರುದ್ಯೋಗಿ ಮಗನಿಗೆ ಚುಚ್ಚುಮಾತು ಬೇಡ, ಕೊಡಲಿಗೆ ಹಿಡಿ ಹಾಕಿಕೊಡಿರಿ.

ಆ ಯುವಕ ಸುಳ್ಳು ಪತ್ರ ಮಾಡಿಸಲಿಲ್ಲ. ಅಂದೇ ತಂದೆಯ ಬಳಿ ಕುಳಿತು ಎಲ್ಲವನ್ನೂ ಹೇಳಿದ. ತಂದೆ ತಮ್ಮ ಪರಿಚಯದವರೊಂದಿಗೆ ಮಾತನಾಡಿ ಜೆ.ಸಿ. ರಸ್ತೆಯ ಎರಡು ಬಿಡಿಭಾಗದ ಅಂಗಡಿಗಳ ಜಿ.ಎಸ್.ಟಿ. ಲೆಕ್ಕ ಬರೆಯುವ ಕೆಲಸ ಕೊಡಿಸಿದರು. ಅದು ಆತ ಬಯಸಿದ ಉದ್ಯೋಗವಲ್ಲ, ಹಿಂದಿನ ಸಂಬಳದ ಅರ್ಧವೂ ಇಲ್ಲ. ಹುಡುಕಾಟ ಇನ್ನೂ ನಡೆಯುತ್ತಿದೆ. ಆದರೆ ಈಗ ಫಜ್ರ್‌ನ ಸಾಲಿನಲ್ಲಿ ತಂದೆಯ ಪಕ್ಕದಲ್ಲಿ ನಿಲ್ಲುತ್ತಾನೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಧರ್ಮಸಮ್ಮತವಾದ, ಸಮೃದ್ಧಿಯುಳ್ಳ ಜೀವನಾಧಾರವನ್ನು ಅನುಗ್ರಹಿಸಲಿ. ಅಸಹಾಯಕತೆ ಮತ್ತು ಆಲಸ್ಯದಿಂದ ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.