ನೋವಿಲ್ಲದ ಸುಟ್ಟಗಾಯವನ್ನು ಕಡೆಗಣಿಸಬೇಡಿ

ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರೂ ಬಿಸಿ ತಟ್ಟುವುದಿಲ್ಲ. ಬೆರಳಿನಲ್ಲಿ ಬೊಬ್ಬೆ ಎದ್ದ ಮೇಲೆಯೇ ಸುಟ್ಟದ್ದು ತಿಳಿಯುತ್ತದೆ. ಬಿಸಿನೀರಿನಲ್ಲಿ ವುಝೂ ಮಾಡುವಾಗ ಒಂದು ಕೈಗೆ ಬಿಸಿ ತಿಳಿದರೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ‘ಗಟ್ಟಿ ಕೈ’ ಎಂದು ಮನೆಯವರು ನಗಬಹುದು. ಆದರೆ ಅದು ಗಟ್ಟಿತನವಲ್ಲ, ನರಗಳ ತೊಂದರೆ. ಸಕ್ಕರೆ ಕಾಯಿಲೆ, ಕುಷ್ಠರೋಗಗಳಲ್ಲೂ ಹೀಗೆ ಸ್ಪರ್ಶಜ್ಞಾನ ಕುಂದುತ್ತದೆ. ಹೆಚ್ಚಿನವರು ಕೇಳಿರದ ಇನ್ನೊಂದು ಕಾರಣ ಸಿರಿಂಗೋಮೈಲಿಯಾ. ಅಂದರೆ ಬೆನ್ನುಹುರಿಯೊಳಗೆ ದ್ರವ ತುಂಬಿದ ಟೊಳ್ಳು ಉಂಟಾಗುವುದು.

ಇದು ಹೇಗೆ ಉಂಟಾಗುತ್ತದೆ?

ಮೆದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿನೀರಿನಂತಹ ದ್ರವ ಸದಾ ಹರಿದಾಡುತ್ತಿರುತ್ತದೆ. ವಯಸ್ಕರಲ್ಲಿ ಅದರ ಪ್ರಮಾಣ ಸುಮಾರು 150 ಮಿ.ಲೀ. ಈ ಹರಿವಿಗೆ ತಡೆಯುಂಟಾದಾಗ ಹುರಿಯ ಒಳಗೆ ದ್ರವ ಸೇರಿ, ಕೊಳವೆಯಂತಹ ಟೊಳ್ಳು ಬೆಳೆಯಬಹುದು. ನೋವು ಮತ್ತು ಬಿಸಿ-ತಂಪನ್ನು ತಿಳಿಸುವ ನರತಂತುಗಳು ಹುರಿಯ ನಡುಭಾಗದಲ್ಲಿ ಒಂದು ಬದಿಯಿಂದ ಇನ್ನೊಂದಕ್ಕೆ ದಾಟುತ್ತವೆ. ಟೊಳ್ಳು ಸಾಮಾನ್ಯವಾಗಿ ಮೊದಲು ಅವನ್ನೇ ಒತ್ತುತ್ತದೆ. ಆದ್ದರಿಂದ ಮುಟ್ಟಿದ್ದು ತಿಳಿಯುತ್ತದೆ, ಸುಟ್ಟದ್ದು ತಿಳಿಯುವುದಿಲ್ಲ.

ಮುಖ್ಯ ಕಾರಣ ಕಿಯಾರಿ ದೋಷ. ಇದರಲ್ಲಿ ಕಿರುಮೆದುಳಿನ ಕೆಳತುದಿ ತಲೆಬುರುಡೆಯ ತಳದ ರಂಧ್ರದ ಮೂಲಕ ಕುತ್ತಿಗೆಯೊಳಗೆ ಜಾರಿ, ದ್ರವದ ದಾರಿಯನ್ನು ಕಟ್ಟುತ್ತದೆ. 1891ರಲ್ಲಿ ಇದನ್ನು ವಿವರಿಸಿದ ಹಾನ್ಸ್ ಕಿಯಾರಿ ಎಂಬ ವೈದ್ಯರ ಹೆಸರೇ ಇದಕ್ಕೆ ಬಂದಿದೆ. ಬೆನ್ನುಹುರಿಗೆ ಬಿದ್ದ ಪೆಟ್ಟು, ಹುರಿಯಲ್ಲಿನ ಗಡ್ಡೆ, ಮೆದುಳು ಪೊರೆಯ ಸೋಂಕಿನ ನಂತರ ಉಳಿಯುವ ಅಂಟುಗಳೂ ಕಾರಣವಾಗಬಹುದು. ಅಪಘಾತವಾಗಿ ತಿಂಗಳುಗಳು, ವರ್ಷಗಳು ಕಳೆದ ಮೇಲೂ ಟೊಳ್ಳು ಕಾಣಿಸಿಕೊಳ್ಳುವುದುಂಟು.

ಲಕ್ಷಣಗಳು

• ಕೆಮ್ಮಿದಾಗ, ಸೀನಿದಾಗ ಅಥವಾ ಮುಕ್ಕಿದಾಗ ತಲೆಯ ಹಿಂಭಾಗದಲ್ಲಿ ನೋವು
• ಕುತ್ತಿಗೆ, ಭುಜ, ತೋಳುಗಳಲ್ಲಿ ನೋವು ಅಥವಾ ಜೋಮು
• ಅಂಗೈಯ ಸ್ನಾಯು ಸೊರಗುವುದು, ಹಿಡಿತ ಸಡಿಲವಾಗುವುದು
• ಕಾಲುಗಳ ಬಿಗಿತ, ಮೂತ್ರದ ಹಿಡಿತ ತಪ್ಪುವುದು
• ಮಕ್ಕಳಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗುವುದು

ಪರೀಕ್ಷೆ ಮತ್ತು ಚಿಕಿತ್ಸೆ

ಎಂ.ಆರ್.ಐ. ಪರೀಕ್ಷೆಯಿಂದ ಟೊಳ್ಳೂ ಅದರ ಕಾರಣವೂ ಸಾಮಾನ್ಯವಾಗಿ ತಿಳಿಯುತ್ತವೆ. ಟೊಳ್ಳು ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ, ಆಗಾಗ ಪರೀಕ್ಷಿಸುತ್ತಿದ್ದರೆ ಸಾಕಾಗಬಹುದು. ತೊಂದರೆ ಹೆಚ್ಚುತ್ತಿದ್ದರೆ ಮೂಲ ಕಾರಣಕ್ಕೆ ಚಿಕಿತ್ಸೆ ಬೇಕು. ಕಿಯಾರಿ ದೋಷವಿದ್ದರೆ ತಲೆಬುರುಡೆಯ ತಳದಲ್ಲಿ ಸ್ವಲ್ಪ ಮೂಳೆ ತೆಗೆದು ದ್ರವಕ್ಕೆ ದಾರಿ ಮಾಡುತ್ತಾರೆ. ಗಡ್ಡೆಯಿದ್ದರೆ ಅದನ್ನು ತೆಗೆಯುತ್ತಾರೆ. ಕೆಲವರಿಗೆ ಸಣ್ಣ ನಳಿಕೆ ಇಟ್ಟು ದ್ರವವನ್ನು ಬೇರೆಡೆಗೆ ಹರಿಸುತ್ತಾರೆ. ಔಷಧಿಗಳು ನೋವು ತಗ್ಗಿಸಬಲ್ಲವು, ಟೊಳ್ಳನ್ನು ಕರಗಿಸಲಾರವು.

ಒಂದು ಮಾತು ನೆನಪಿರಲಿ. ಶಸ್ತ್ರಚಿಕಿತ್ಸೆಯ ಮೊದಲ ಗುರಿ ರೋಗ ಮುಂದುವರಿಯದಂತೆ ತಡೆಯುವುದು. ಬಹುಕಾಲ ಒತ್ತಿಹೋದ ನರಗಳ ಶಕ್ತಿ ಪೂರ್ತಿ ಮರಳದಿರಬಹುದು. ಬೇಗ ತೋರಿಸಿದಷ್ಟೂ ಉಳಿಸಿಕೊಳ್ಳುವುದು ಹೆಚ್ಚು.

ಮನೆಯಲ್ಲಿ ಎಚ್ಚರ

ನೀರಿನ ಬಿಸಿಯನ್ನು ಸರಿಯಿರುವ ಕೈಯಿಂದ ನೋಡಿ, ಇಲ್ಲವೇ ಮನೆಯವರಿಂದ ನೋಡಿಸಿ. ಪಾತ್ರೆ ಇಳಿಸಲು ದಪ್ಪ ಬಟ್ಟೆ ಬಳಸಿ. ಕೈಗಳಲ್ಲಿ ಗಾಯವಿದೆಯೇ ಎಂದು ದಿನವೂ ಕಣ್ಣಿಂದ ನೋಡಿಕೊಳ್ಳಿ. ಭಾರ ಎತ್ತಬೇಡಿ, ಮಲಬದ್ಧತೆಗೆ ಎಡೆಗೊಡಬೇಡಿ. ಕುತ್ತಿಗೆ ತಿರುವಿ ಲಟಿಕೆ ತೆಗೆಯುವವರ ಬಳಿ ಹೋಗದೆ ನರರೋಗ ತಜ್ಞರನ್ನು ಕಾಣಿರಿ.